ಡೈನೋಸಾರ್ ಹುಚ್ಚಿನ ಮಕ್ಕಳೊಂದಿಗೆ ಲಂಡನ್‌ನಿಂದ ಬರ್ಲಿನ್‌ವರೆಗೆ

ಏಳು ವರ್ಷದ ಮಗಳ ಡೈನೋಸಾರ್ ಹುಚ್ಚಿಗೆ ಹೊಂದುವಂತೆ ಬೇಸಿಗೆ ರಜೆಯ ಯೂರೋಪ್ ಪ್ರವಾಸವನ್ನು ಹೇಗೆ ಯೋಜಿಸಬೇಕೆಂದು ನಮ್ಮ ಕನ್ನಡಿಗರ ಗುಂಪಿನ ಸದಸ್ಯರೊಬ್ಬರು ಕಳೆದ ವಾರ ಕೇಳಿದ್ದರು. ಜರ್ಮನಿಯಲ್ಲಿರುವ ನಾವು ಇಂಥದೇ ಪ್ರವಾಸವನ್ನು ಎರಡು ಬಾರಿ ಮಾಡಿದ್ದೇವೆ. ಮೊದಲನೆಯದು ಕೆಟ್ಟಿತು, ಎರಡನೆಯದು ಚೆನ್ನಾಗಿ ನಡೆಯಿತು. ಆದ್ದರಿಂದ ತುಸು ವಿವರವಾಗಿಯೇ ಉತ್ತರಿಸುತ್ತಿದ್ದೇನೆ.

ಮೊದಲ ಬಾರಿ ನಾವು ಮಾಡಿದ ತಪ್ಪು, ಆರು ದಿನಗಳಲ್ಲಿ ಐದು ಮ್ಯೂಸಿಯಂಗಳನ್ನು ತುರುಕಿದ್ದು. ಮೂರನೆಯ ಊರಿನಲ್ಲಿ ಮಗ ಉದ್ದ ಕತ್ತಿನ ಡಿಪ್ಲೊಡೋಕಸ್‌ನ ಮುಂದೆ ನಿಂತು, "ಅಪ್ಪಾ, ಇದನ್ನ ಆಗಲೇ ನೋಡಿದ್ವಲ್ಲ" ಎಂದ. ನಾನು ಗದರಿದೆ. ಆಮೇಲೆ ಫಲಕವನ್ನು ಓದಿದಾಗ ಅವನು ಹೇಳಿದ್ದೇ ಸರಿಯೆಂದು ತಿಳಿಯಿತು. ಅಮೆರಿಕದ ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿ ಒಂದೇ ಡಿಪ್ಲೊಡೋಕಸ್‌ನ ಪ್ಲಾಸ್ಟರ್ ಅಚ್ಚುಗಳನ್ನು ಮಾಡಿಸಿ 1905ರಲ್ಲಿ ಲಂಡನ್ನಿಗೆ, ನಂತರ ಬರ್ಲಿನ್, ಪ್ಯಾರಿಸ್, ವಿಯೆನ್ನಾ ಮುಂತಾದ ಊರುಗಳಿಗೆ ಉಡುಗೊರೆಯಾಗಿ ಕಳಿಸಿದ್ದರು. ಹೀಗೆ ಯೂರೋಪಿನ ರಾಜಧಾನಿಗಳನ್ನು ಸುತ್ತಿದವರು ಹಲವು ಕಡೆ ಕಾಣುವುದು ಒಂದೇ ಪ್ರಾಣಿಯನ್ನು. ಆದ್ದರಿಂದ ಎಷ್ಟು ಮ್ಯೂಸಿಯಂಗಳನ್ನು ನೋಡಿದೆವೆಂದು ಲೆಕ್ಕ ಹಾಕುವುದನ್ನು ಬಿಟ್ಟು, ಬೇರೆಲ್ಲೂ ಇಲ್ಲದ್ದು ಯಾವ ಊರಿನಲ್ಲಿದೆ ಎಂದು ನೋಡಿ ಆರಿಸಿಕೊಳ್ಳಿ. ಒಂದು ದಿನಕ್ಕೆ ಒಂದೇ ಮ್ಯೂಸಿಯಂ ಸಾಕು.

ಎರಡನೆಯ ಬಾರಿ ನಾವು ಲಂಡನ್, ಬ್ರಸೆಲ್ಸ್, ಫ್ರಾಂಕ್‌ಫರ್ಟ್, ಬರ್ಲಿನ್ ಎಂಬ ನಾಲ್ಕೇ ಊರುಗಳನ್ನು ಆರಿಸಿ, ಇಡೀ ದಾರಿಯನ್ನು ರೈಲಿನಲ್ಲೇ ಮುಗಿಸಿದೆವು. ಈ ಕ್ರಮಕ್ಕೆ ಕಾರಣವಿದೆ. ಡೈನೋಸಾರುಗಳನ್ನು ಮನುಷ್ಯರು ಹೇಗೆ ತಪ್ಪಾಗಿ ಊಹಿಸಿ, ಹೇಗೆ ತಿದ್ದಿಕೊಂಡರು ಎಂಬ ಕಥೆ ಈ ದಾರಿಯಲ್ಲಿ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಲಂಡನ್ನಿನಲ್ಲಿ ಎಲ್ಲರೂ ಮೊದಲು ಸೌತ್ ಕೆನ್ಸಿಂಗ್ಟನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿಗೆ ಓಡುತ್ತಾರೆ. ಓಡಲಿ, ಅದು ತಪ್ಪಲ್ಲ, ಪ್ರವೇಶವೂ ಉಚಿತ. ಆದರೆ ಅದಕ್ಕೂ ಮೊದಲು ನಗರದ ದಕ್ಷಿಣ ಭಾಗದಲ್ಲಿರುವ ಕ್ರಿಸ್ಟಲ್ ಪ್ಯಾಲೆಸ್ ಪಾರ್ಕಿಗೆ ಮಕ್ಕಳನ್ನು ಕರೆದೊಯ್ಯಿರಿ. ಅಲ್ಲಿನ ಕೊಳದ ದಂಡೆಯಲ್ಲಿ 1854ರಲ್ಲಿ ಶಿಲ್ಪಿ ಬೆಂಜಮಿನ್ ವಾಟರ್‌ಹೌಸ್ ಹಾಕಿನ್ಸ್ ನಿರ್ಮಿಸಿದ, ಪ್ರಾಣಿಗಳ ನಿಜ ಗಾತ್ರದ ಮೂರ್ತಿಗಳಿವೆ. ಅವುಗಳಲ್ಲಿ ಇಗ್ವಾನೊಡಾನ್ ಎಂಬುದು ನಾಲ್ಕು ಕಾಲಿನ ದಪ್ಪ ಪ್ರಾಣಿ. ಮೂಗಿನ ಮೇಲೆ ಖಡ್ಗಮೃಗದಂತೆ ಒಂದು ಕೊಂಬು. ಗಿಡಿಯನ್ ಮ್ಯಾಂಟೆಲ್ ಎಂಬ ವೈದ್ಯರು 1825ರಲ್ಲಿ ಕೆಲವು ಹಲ್ಲುಗಳನ್ನು ನೋಡಿ ಹೆಸರಿಟ್ಟ ಪ್ರಾಣಿಯಿದು. ಇಡೀ ಅಸ್ಥಿಪಂಜರವನ್ನು ಯಾರೂ ಕಂಡಿರದ ಕಾಲದಲ್ಲಿ ಒಂದು ಚೂಪಾದ ಮೂಳೆಯನ್ನು ಎಲ್ಲಿ ಇಡುವುದೆಂದು ತಿಳಿಯದೆ ಮೂಗಿಗೆ ಅಂಟಿಸಿದ್ದರು. ಆ ಮೂರ್ತಿಯ ಅಚ್ಚಿನೊಳಗೆ ಕುಳಿತು ವಿದ್ವಾಂಸರು 1853ರ ಕೊನೆಯ ರಾತ್ರಿ ಔತಣ ಮಾಡಿದ್ದರೆಂಬ ಸಂಗತಿಯನ್ನು ನಮ್ಮ ಮಗ ಇಂದಿಗೂ ಕಂಡಕಂಡವರಿಗೆ ಹೇಳುತ್ತಾನೆ. "ಈ ಕೊಂಬನ್ನು ನೆನಪಿಟ್ಟುಕೋ, ಬ್ರಸೆಲ್ಸಿನಲ್ಲಿ ಮತ್ತೆ ಸಿಗುತ್ತದೆ" ಎಂದಷ್ಟೇ ಹೇಳಿ ಅಲ್ಲಿಂದ ಹೊರಟೆವು.

ಬ್ರಸೆಲ್ಸ್ ಈ ಪ್ರವಾಸದ ಹೃದಯ, ಆದರೆ ನಮ್ಮವರಲ್ಲಿ ಹೆಚ್ಚಿನವರು ಚಾಕಲೇಟು ಕೊಂಡು ಮುಂದೆ ಹೋಗುವುದು ಇದೇ ಊರಿನಿಂದ. ಬೆಲ್ಜಿಯಮ್ಮಿನ ಬರ್ನಿಸಾರ್ ಎಂಬ ಹಳ್ಳಿಯ ಕಲ್ಲಿದ್ದಲು ಗಣಿಯಲ್ಲಿ, ನೆಲದಿಂದ 322 ಮೀಟರ್ ಆಳದಲ್ಲಿ, 1878ರಲ್ಲಿ ಗಣಿಗಾರರಿಗೆ ಇಗ್ವಾನೊಡಾನ್‌ಗಳ ಒಂದು ಹಿಂಡೇ ಸಿಕ್ಕಿತು. ಒಂದೆರಡು ಹಲ್ಲುಗಳಲ್ಲ, ಸುಮಾರು ಮೂವತ್ತು ಅಸ್ಥಿಪಂಜರಗಳು. ಆಗ ತಿಳಿದದ್ದೇನೆಂದರೆ, ಮೂಗಿನ ಮೇಲಿನ ಕೊಂಬು ನಿಜಕ್ಕೂ ಮುಂಗಾಲಿನ ಹೆಬ್ಬೆರಳಿನ ಮುಳ್ಳು. ಬ್ರಸೆಲ್ಸಿನ ನೈಸರ್ಗಿಕ ವಿಜ್ಞಾನ ಮ್ಯೂಸಿಯಮ್ಮಿನ ದೊಡ್ಡ ಗಾಜಿನ ಮನೆಯೊಳಗೆ ಅವು ಸಾಲಾಗಿ, ಕಾಂಗರೂಗಳಂತೆ ನೆಟ್ಟಗೆ ನಿಂತಿವೆ. ಈ ನಿಲುವೂ ತಪ್ಪೆಂದು ಇಂದಿನ ವಿಜ್ಞಾನಿಗಳು ಹೇಳುತ್ತಾರೆ. ಬಾಲವನ್ನು ಹಿಂದಕ್ಕೆ ಚಾಚಿ, ಬೆನ್ನನ್ನು ಅಡ್ಡವಾಗಿಟ್ಟು ನಡೆಯುತ್ತಿದ್ದ ಪ್ರಾಣಿಯಿದು. ಆದರೆ ಮೂಳೆಗಳು ಬಹಳ ಶಿಥಿಲವಾಗಿರುವುದರಿಂದ ಬಿಚ್ಚಿ ಮತ್ತೆ ಜೋಡಿಸುವ ಗೋಜಿಗೆ ಯಾರೂ ಹೋಗಿಲ್ಲ. ದೊಡ್ಡವರು, ಅದರಲ್ಲೂ ಪುಸ್ತಕ ಬರೆಯುವಷ್ಟು ಓದಿದವರು, ಎರಡೆರಡು ಬಾರಿ ತಪ್ಪಿದ್ದಾರೆಂಬುದು ಮಕ್ಕಳಿಗೆ ಎಷ್ಟು ಹಿತವಾಗಿ ಕೇಳಿಸುತ್ತದೆಂದು ಅಲ್ಲಿ ನಿಂತು ನೋಡಬೇಕು. ಇಲ್ಲಿಗೆ ಇಡೀ ಒಂದು ದಿನ ಕೊಡಿ.

ಫ್ರಾಂಕ್‌ಫರ್ಟಿನ ಸೆಂಕೆನ್‌ಬರ್ಗ್ ಮ್ಯೂಸಿಯಮ್ಮಿಗೆ ಅರ್ಧ ದಿನ ಸಾಕು. ಚರ್ಮದ ಗುರುತು ಉಳಿದಿರುವ ಎಡ್ಮೊಂಟೊಸಾರಸ್ ಅಲ್ಲಿನ ವಿಶೇಷ. ಮಕ್ಕಳು ಮಾತ್ರ ಪ್ರಾಣಿಯೊಂದನ್ನು ನುಂಗುತ್ತಿರುವ ಅನಕೊಂಡದ ಮುಂದೆಯೇ ಹೆಚ್ಚು ಹೊತ್ತು ನಿಲ್ಲುತ್ತಾರೆ, ತಡೆಯಬೇಡಿ.

ಬರ್ಲಿನ್ನಿನ ನೈಸರ್ಗಿಕ ಇತಿಹಾಸದ ಮ್ಯೂಸಿಯಮ್ಮಿನಲ್ಲಿ 13 ಮೀಟರಿಗೂ ಎತ್ತರದ, ಜಿರಾಫಟೈಟನ್ ಎಂಬ ಉದ್ದ ಕತ್ತಿನ ಡೈನೋಸಾರ್ ನಿಂತಿದೆ. ನಮ್ಮ ಊರ ಕಡೆಯ ನಾಲ್ಕಂತಸ್ತಿನ ಮನೆಯಷ್ಟು ಎತ್ತರ. ಅದರ ಮೂಳೆಗಳು ಜರ್ಮನಿಯವಲ್ಲ. ಈಗಿನ ತಾಂಜಾನಿಯಾ ಜರ್ಮನ್ ವಸಾಹತಾಗಿದ್ದಾಗ, 1909ರಿಂದ 1913ರವರೆಗೆ, ಟೆಂಡಗುರು ಎಂಬಲ್ಲಿ ನೂರಾರು ಸ್ಥಳೀಯ ಕೂಲಿಗಳು ಅಗೆದು, ತಲೆಹೊರೆಯಲ್ಲಿ ಲಿಂಡಿ ಬಂದರಿಗೆ ಸಾಗಿಸಿದವು. ಇದನ್ನು ಮಕ್ಕಳಿಗೆ ಹೇಳದೆ ಬರಬಾರದೆಂಬುದು ನನ್ನ ಅಭಿಪ್ರಾಯ. ಆಗ ಬ್ರಿಟಿಷರ ವಸಾಹತಾಗಿದ್ದ ನಮ್ಮ ದೇಶದ ಜಬಲ್‌ಪುರದಲ್ಲಿ ಸಿಕ್ಕ ಟೈಟನೊಸಾರಸ್ ಎಂಬ ಡೈನೋಸಾರಿಗೂ 1877ರಲ್ಲಿ ಹೆಸರಿಟ್ಟವರು ಇಂಗ್ಲಿಷರಾದ ರಿಚರ್ಡ್ ಲಿಡೆಕ್ಕರ್. ಬರ್ಲಿನ್ನಿನ ಅದೇ ಕಟ್ಟಡದಲ್ಲಿ, ಡೈನೋಸಾರುಗಳಿಗೂ ಹಕ್ಕಿಗಳಿಗೂ ಕೊಂಡಿಯೆನಿಸಿದ, ಗರಿಗಳ ಗುರುತು ಸ್ಪಷ್ಟವಾಗಿರುವ ಆರ್ಕಿಯೊಪ್ಟೆರಿಕ್ಸ್‌ನ ಕಲ್ಲಿನ ಹಲಗೆಯಿದೆ. ಲಂಡನ್ನಿನಲ್ಲೂ ಒಂದಿದೆ, ಆದರೆ ಬರ್ಲಿನ್ನಿನದಕ್ಕೆ ಹಲ್ಲುಗಳಿರುವ ಪೂರ್ಣ ತಲೆಯಿದೆ. ಎರಡನ್ನೂ ನೋಡಿ ಹೋಲಿಸುವ ಅವಕಾಶ ಈ ದಾರಿಯಲ್ಲಿ ಸಿಗುತ್ತದೆ.

ಭಾಷೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಡೈನೋಸಾರುಗಳ ಹೆಸರುಗಳು ಹೇಗೂ ಗ್ರೀಕ್, ಲ್ಯಾಟಿನ್ನಿನವು. ಉಳಿದ ಮಾತೆಲ್ಲ ಕನ್ನಡದಲ್ಲೇ ನಡೆಯಬಹುದು. ಪಳೆಯುಳಿಕೆ, ಪಕ್ಕೆಲುಬು, ಬೆನ್ನುಮೂಳೆ, ದವಡೆ, ಸಸ್ಯಾಹಾರಿ ಎಂಬ ಪದಗಳನ್ನು ನಮ್ಮ ಮಗ ಕಲಿತದ್ದು ಪಾಠದಿಂದಲ್ಲ, ಪ್ರತಿ ರಾತ್ರಿ ವಿಜಯಪುರದಲ್ಲಿರುವ ಅಜ್ಜನಿಗೆ ಫೋನಿನಲ್ಲಿ ವರದಿ ಒಪ್ಪಿಸಬೇಕಾಗಿದ್ದರಿಂದ. ಅಜ್ಜ "ನಮ್ಮ ಹೊಲದಾಗ ಒಂದೂ ಯಾಕ ಸಿಗಲಿಲ್ಲೋ?" ಎಂದು ಕೇಳಿದರು. ಉತ್ತರ ಹುಡುಕಿದಾಗ ಗೊತ್ತಾದದ್ದು, ಆ ಹೊಲದ ಎರೆಮಣ್ಣಿನ ಕೆಳಗಿರುವ ಕರಿಗಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಡೈನೋಸಾರುಗಳ ಕೊನೆಗಾಲದಲ್ಲಿ ಹರಿದ ಲಾವಾ. ಅವುಗಳ ಅಳಿವಿಗೆ ಉಲ್ಕೆಯ ಜೊತೆಗೆ ಈ ಲಾವಾ ಎಷ್ಟರ ಮಟ್ಟಿಗೆ ಕಾರಣವೆಂಬ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ನಡೆದಿದೆ. ಅಜ್ಜನಿಗೆ ಇದರಿಂದ ಬಹಳ ಹೆಮ್ಮೆಯಾಯಿತು.

ಕೊನೆಯದಾಗಿ ಕೆಲವು ವ್ಯವಹಾರದ ಮಾತುಗಳು. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಯೂರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಕೊಡುವ ಷೆಂಗೆನ್ ವೀಸಾ ಬ್ರಿಟನ್ನಿಗೆ ನಡೆಯುವುದಿಲ್ಲ, ಬೇರೆ ವೀಸಾ ಬೇಕು. ಅದಕ್ಕೆ ಸಾಕಷ್ಟು ಮುಂಚೆಯೇ ಅರ್ಜಿ ಹಾಕಿ. ಬ್ರಸೆಲ್ಸ್ ಮತ್ತು ಬರ್ಲಿನ್ನಿನ ಮ್ಯೂಸಿಯಂಗಳಿಗೆ ಸೋಮವಾರ ರಜೆಯಿರುವುದರಿಂದ ಆ ದಿನವನ್ನು ರೈಲು ಪ್ರಯಾಣಕ್ಕೆ ಇಟ್ಟುಕೊಳ್ಳಿ. ದುರಸ್ತಿಗಾಗಿ ಯಾವುದಾದರೂ ಸಭಾಂಗಣ ಮುಚ್ಚಿದೆಯೇ ಎಂದು ಟಿಕೆಟ್ ಕೊಳ್ಳುವ ಮೊದಲು ಅವರವರ ಜಾಲತಾಣದಲ್ಲಿ ನೋಡಿಕೊಳ್ಳಿ. ಬ್ರಿಟನ್ನಿನ ವೀಸಾ ಸಿಗದಿದ್ದರೆ ಲಂಡನ್ನನ್ನು ಬಿಟ್ಟು, ಕೊಂಬಿನ ಇಗ್ವಾನೊಡಾನ್‌ನ ಚಿತ್ರವನ್ನು ಮನೆಯಲ್ಲೇ ತೋರಿಸಿ, ನೇರವಾಗಿ ಬ್ರಸೆಲ್ಸಿನಿಂದ ಆರಂಭಿಸಿ.