ನಮ್ಮದೇ ತಂಡದ ಆಟಗಾರನಿಗೆ ‘ಬೂ’ ಎನ್ನುವುದು ಸರಿಯೇ?

ಟಚ್‌ಲೈನ್ ಪಕ್ಕದವನು (ಪ್ರಶ್ನೆ)

ಕಳೆದ ವಾರ, ನಾನು ವರ್ಷಗಳಿಂದ ಬೆಂಬಲಿಸುತ್ತ ಬಂದಿರುವ ತಂಡದ ಫುಟ್‌ಬಾಲ್ ಪಂದ್ಯವನ್ನು ಮೈದಾನದಲ್ಲೇ ಕುಳಿತು ನೋಡಿದೆ. ಮೊದಲಾರ್ಧದಲ್ಲಿ ನಮ್ಮ ಎಡಬದಿಯ ಡಿಫೆಂಡರ್ ಕೊಟ್ಟ ಒಂದು ಅಡ್ಡ ಪಾಸ್ ನೇರವಾಗಿ ಎದುರಾಳಿ ಫಾರ್ವರ್ಡ್‌ನ ಕಾಲಿಗೆ ಸಿಕ್ಕಿ ಗೋಲಾಯಿತು. ಅಲ್ಲಿಂದಾಚೆ ಚೆಂಡು ಅವನ ಬಳಿಗೆ ಬಂದಾಗಲೆಲ್ಲ ನಮ್ಮ ಸ್ಟ್ಯಾಂಡಿನಿಂದಲೇ ‘ಬೂ’ ಎಂಬ ಹೀಯಾಳಿಕೆಯ ಕೂಗು ಏಳತೊಡಗಿತು; ಆ ಕೂಗಿನಲ್ಲಿ ನನ್ನ ದನಿಯೂ ಸೇರಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ದ್ವಿತೀಯಾರ್ಧದಲ್ಲಿ ಅವನು ಥ್ರೋ-ಇನ್‌ಗಾಗಿ, ಅಂದರೆ ಟಚ್‌ಲೈನ್ (ಮೈದಾನದ ಬದಿಯ ಗೆರೆ) ದಾಟಿದ ಚೆಂಡನ್ನು ಕೈಯಿಂದ ಒಳಗೆಸೆಯಲು, ನಾನು ಕುಳಿತಿದ್ದ ಸಾಲಿಗೆ ಐದಾರು ಹೆಜ್ಜೆಗಳಷ್ಟು ಹತ್ತಿರ ಬಂದ. ಮಳೆ ಇರಲಿಲ್ಲ, ಚೆಂಡು ಒದ್ದೆಯಾಗಿರಲಿಲ್ಲ. ಆದರೂ ಅದನ್ನು ಜೆರ್ಸಿಗೆ ಮೂರು ನಾಲ್ಕು ಬಾರಿ ಒರೆಸಿದ, ಒರೆಸುವಷ್ಟು ಹೊತ್ತೂ ತಲೆ ಎತ್ತಲಿಲ್ಲ. ಪಕ್ಕದವರು ಆಗಲೂ ಕೂಗುತ್ತಿದ್ದರು. ನನಗೆ ಮಾತ್ರ ದನಿ ಹೊರಡಲಿಲ್ಲ.

ಮನೆಗೆ ಬಂದ ಮೇಲೂ ವಿಚಾರ ಬಗೆಹರಿಯಲಿಲ್ಲವಾದ್ದರಿಂದ ಇಲ್ಲಿ ಕೇಳುತ್ತಿದ್ದೇನೆ. ಟಿಕೆಟ್‌ಗೆ ಹಣ ಕೊಟ್ಟು, ಸೋಲಿನಲ್ಲೂ ಗೆಲುವಿನಲ್ಲೂ ತಂಡದ ಜೊತೆಗಿರುವ ಅಭಿಮಾನಿಗೆ ತನ್ನ ಅಸಮಾಧಾನವನ್ನು ತೋರಿಸುವ ಹಕ್ಕು ಇದ್ದೇ ಇದೆ ಎಂದು ನಂಬಿದವನು ನಾನು. ಆದರೆ ಆ ಅಸಮಾಧಾನ, ಆಟ ನಡೆಯುತ್ತಿರುವಾಗಲೇ, ನಮ್ಮದೇ ಜೆರ್ಸಿ ತೊಟ್ಟ ಒಬ್ಬನ ಮೇಲೆ ಎರಗುವುದು ಸರಿಯೇ? ಅದರಿಂದ ತಂಡಕ್ಕೆ ಎಂದಾದರೂ ಒಳ್ಳೆಯದಾದದ್ದುಂಟೇ? ಆಡಿದ ಅನುಭವವಿರುವವರು ಉತ್ತರಿಸಿದರೆ ಹೆಚ್ಚು ಉಪಕಾರವಾಗುತ್ತದೆ.

ಹಳೆಯ ಸೆಂಟರ್ ಬ್ಯಾಕ್

ನಾನು ದೊಡ್ಡ ಮಟ್ಟದಲ್ಲಿ ಆಡಿದವನಲ್ಲ; ಸಾವಿರ ಜನ ಸೇರಿದರೆ ಹೆಚ್ಚು ಎನ್ನುವಂಥ ಪಂದ್ಯಗಳಲ್ಲಿ ಕೆಲವು ವರ್ಷ ರಕ್ಷಣಾ ಸಾಲಿನ ನಡುವೆ ಆಡಿದ್ದೇನೆ, ನಮ್ಮವರಿಂದಲೇ ಬೈಸಿಕೊಂಡೂ ಇದ್ದೇನೆ. ಆ ಹೊತ್ತಿನಲ್ಲಿ ಆಟಗಾರನೊಳಗೆ ಏನಾಗುತ್ತದೆ ಎಂಬುದನ್ನಷ್ಟೇ ಹೇಳಬಲ್ಲೆ. ಬೈಸಿಕೊಂಡವನು ಗಾಬರಿಯಿಂದ ಇನ್ನಷ್ಟು ತಪ್ಪು ಮಾಡುತ್ತಾನೆ ಎಂದು ಸ್ಟ್ಯಾಂಡಿನಲ್ಲಿ ಕುಳಿತವರು ತಿಳಿಯುತ್ತಾರೆ. ಮೊದಲ ಹತ್ತು ನಿಮಿಷ ಅದು ನಿಜ. ಆಮೇಲೆ ಅವನು ಚೆಂಡು ತನ್ನ ಬಳಿಗೆ ಬಾರದಂತೆ ನೋಡಿಕೊಳ್ಳುವುದನ್ನು ಕಲಿಯುತ್ತಾನೆ, ಮತ್ತು ಅದು ತಪ್ಪು ಪಾಸ್‌ಗಿಂತ ಎಷ್ಟೋ ಕೆಟ್ಟದ್ದು.

ಇದನ್ನು ನಾನೇ ಮಾಡಿದ್ದೇನೆ. ಎದುರಾಳಿ ಫಾರ್ವರ್ಡ್‌ನ ಬೆನ್ನ ಹಿಂದೆ ಅರ್ಧ ಹೆಜ್ಜೆ ಸರಿದು ನಿಂತರೆ ಸಾಕು, ನಮ್ಮ ಗೋಲ್‌ಕೀಪರ್ ನನಗೆ ಚೆಂಡು ಕೊಡಲಾರ. ದೂರದಿಂದ ನೋಡುವವರಿಗೆ ನಾನು ನನ್ನ ಜಾಗದಲ್ಲೇ ಇರುವಂತೆ ಕಾಣುತ್ತದೆ. ಕೈ ಎತ್ತಿ ಚೆಂಡು ಕೇಳಿದಂತೆ ನಟಿಸಲೂಬಹುದು, ಪಾಸ್ ಬೇರೆಯವನ ಕಡೆಗೆ ಹೊರಟ ಮೇಲೆ ಎತ್ತಬೇಕು ಅಷ್ಟೆ. ಅಪ್ಪಿತಪ್ಪಿ ಚೆಂಡು ಬಂದೇ ಬಿಟ್ಟರೆ ಗೋಲ್‌ಕೀಪರ್‌ಗೇ ಹಿಂತಿರುಗಿಸಿದರಾಯಿತು. ಹೀಗೆ ಹನ್ನೊಂದು ಜನರ ತಂಡ ಯಾರನ್ನೂ ಕೆಂಪು ಕಾರ್ಡ್ ತೋರಿಸಿ ಹೊರಗಟ್ಟದೆಯೇ ಹತ್ತು ಜನರದ್ದಾಗುತ್ತದೆ. ನಿಮ್ಮ ಡಿಫೆಂಡರ್ ಒಣ ಚೆಂಡನ್ನು ಒರೆಸಿದ್ದೂ ಇದೇ ಜಾತಿಯದು. ಚೆಂಡು ಕೈಯಲ್ಲಿರುವಷ್ಟು ಹೊತ್ತು ಕಾಲಿನಿಂದ ತಪ್ಪಾಗುವುದಿಲ್ಲವಲ್ಲ.

2008ರ ಡಿಸೆಂಬರ್‌ನಲ್ಲಿ ಆರ್ಸೆನಲ್ ತಂಡ ತವರಿನಲ್ಲಿ ವಿಗನ್ ವಿರುದ್ಧ ಆಡುವಾಗ, ಗಾಯಗೊಂಡ ಸಮೀರ್ ನಸ್ರಿ ಬದಲಿಗೆ ಎಮಾನ್ಯುಯೆಲ್ ಎಬುವೆ ಮೈದಾನಕ್ಕಿಳಿದರು. ಪಾಸ್‌ಗಳು ಒಂದರ ಮೇಲೊಂದು ತಪ್ಪತೊಡಗಿದಂತೆ ತವರಿನ ಜನರೇ ಬೂ ಎನ್ನತೊಡಗಿದರು. ಕೊನೆಗೆ ಬದಲಿಯಾಗಿ ಬಂದವರನ್ನೇ ಬದಲಿಸಿ ಕೋಚ್ ವೆಂಗರ್ ಹೊರಗೆ ಕರೆಸಿಕೊಳ್ಳಬೇಕಾಯಿತು. ಆ ಪಂದ್ಯವನ್ನು ಆರ್ಸೆನಲ್ 1-0ಯಿಂದ ಗೆದ್ದಿತ್ತು ಎಂಬುದನ್ನು ಗಮನಿಸಿ. ಇನ್ನೊಂದು ಉದಾಹರಣೆ ಬಾರ್ಸಿಲೋನಾದ ಮಿಡ್‌ಫೀಲ್ಡರ್ ಆಂದ್ರೆ ಗೋಮೆಸ್ ಅವರದು. ಜನ ತನ್ನನ್ನೇ ನೋಡುತ್ತಾರೆಂಬ ನಾಚಿಕೆಯಿಂದ ಮನೆಯ ಹೊಸ್ತಿಲು ದಾಟಲೂ ಹಿಂಜರಿದದ್ದುಂಟು ಎಂದು ಅವರು 2018ರ ಮಾರ್ಚ್‌ನ ಒಂದು ಸಂದರ್ಶನದಲ್ಲಿ ಹೇಳಿಕೊಂಡರು. ಕೆಲವೇ ದಿನಗಳಲ್ಲಿ ಚೆಲ್ಸಿ ವಿರುದ್ಧದ ಪಂದ್ಯದಲ್ಲಿ ಅವರು ಬದಲಿಯಾಗಿ ಇಳಿದಾಗ, ಅಲ್ಲಿಯವರೆಗೆ ಶಿಳ್ಳೆ ಹಾಕಿ ಹೀಯಾಳಿಸಿದ್ದ ಅದೇ ಮೈದಾನ ಚಪ್ಪಾಳೆ ತಟ್ಟಿತು. ಒಳ್ಳೆಯದೇ. ಆದರೆ ಅದಕ್ಕಾಗಿ ಅವರು ತಮ್ಮ ಸಂಕಟವನ್ನು ಊರಿಗೆಲ್ಲ ಹೇಳಿಕೊಳ್ಳಬೇಕಾಯಿತು.

ಸೀಸನ್ ಟಿಕೆಟ್

ಹಿಂದಿನವರ ಅನುಭವಕ್ಕೆ ಗೌರವವಿದೆ, ಅವರ ತೀರ್ಮಾನಕ್ಕೆ ನನ್ನ ಒಪ್ಪಿಗೆಯಿಲ್ಲ. ಏನೇ ಆಡಿದರೂ ಚಪ್ಪಾಳೆಯೇ ಸಿಗುತ್ತದೆ ಎಂದಾದರೆ ಆ ಚಪ್ಪಾಳೆಗೆ ಕಿಮ್ಮತ್ತಿಲ್ಲ. ರಿಯಲ್ ಮ್ಯಾಡ್ರಿಡ್ ಅಭಿಮಾನಿಗಳಷ್ಟು ನಿಷ್ಠುರರನ್ನು ಬೇರೆ ಕಡೆ ಕಾಣುವುದು ಕಷ್ಟ. ಇಕರ್ ಕಸಿಯಾಸ್, ಕ್ರಿಸ್ಟಿಯಾನೊ ರೊನಾಲ್ಡೊ, ಗ್ಯಾರೆತ್ ಬೇಲ್, ಇವರಲ್ಲಿ ಒಬ್ಬರೂ ಅವರ ಶಿಳ್ಳೆಯಿಂದ ತಪ್ಪಿಸಿಕೊಂಡವರಲ್ಲ. ಅದೇ ಕ್ಲಬ್ 2016, 2017 ಮತ್ತು 2018ರಲ್ಲಿ ಸತತವಾಗಿ ಮೂರು ಬಾರಿ, ಯುರೋಪಿನ ಅಗ್ರ ಕ್ಲಬ್‌ಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗ್ ಗೆದ್ದಿತು. ಶಿಳ್ಳೆಯಿಂದ ಗೆದ್ದರು ಎಂದು ನಾನು ಹೇಳುತ್ತಿಲ್ಲ. ಶಿಳ್ಳೆಯಿಂದ ತಂಡ ಕುಸಿಯುತ್ತದೆ ಎಂಬ ಮಾತಿಗೆ ಇದು ಉತ್ತರ.

ಜನರಿಗೆ ವಿವೇಚನೆಯೇ ಇಲ್ಲ ಎಂಬ ಧೋರಣೆಯೂ ಸರಿಯಲ್ಲ. 2022ರ ಮಾರ್ಚ್‌ನಲ್ಲಿ ಪ್ಯಾರಿಸ್‌ನ ಪಿಎಸ್‌ಜಿ ತಂಡವು ರಿಯಲ್ ಮ್ಯಾಡ್ರಿಡ್ ಎದುರು ಎರಡು ಪಂದ್ಯಗಳ ಒಟ್ಟು ಲೆಕ್ಕದ 2-0 ಮುನ್ನಡೆಯನ್ನು ಕೈಚೆಲ್ಲಿ ಚಾಂಪಿಯನ್ಸ್ ಲೀಗ್‌ನಿಂದ ಹೊರಬಿದ್ದ ಮೇಲೆ, ಬೋರ್ಡೊ ವಿರುದ್ಧದ ತವರಿನ ಪಂದ್ಯದಲ್ಲಿ ಮೆಸ್ಸಿ ಮತ್ತು ನೇಮಾರ್‌ಗೆ ಚೆಂಡು ಸಿಕ್ಕಾಗಲೆಲ್ಲ ಅಭಿಮಾನಿಗಳು ಬೂ ಎಂದರು. ಅದೇ ತಂಡದ ಎಂಬಾಪೆಯನ್ನು ಮಾತ್ರ ಬಿಟ್ಟರು. ಕುರುಡು ಸಿಟ್ಟಾಗಿದ್ದರೆ ಈ ವ್ಯತ್ಯಾಸ ಇರುತ್ತಿರಲಿಲ್ಲ.

ಗ್ರಾನಿಟ್ ಜಾಕಾ ಅವರ ಪ್ರಸಂಗವನ್ನೂ ನೆನಪಿಸಬೇಕು. 2019ರ ಅಕ್ಟೋಬರ್ 27ರಂದು ಕ್ರಿಸ್ಟಲ್ ಪ್ಯಾಲೆಸ್ ವಿರುದ್ಧ ಆರ್ಸೆನಲ್ 2-0 ಮುನ್ನಡೆಯನ್ನು ಕಳೆದುಕೊಂಡು 2-2ರಲ್ಲಿ ನಿಂತಿದ್ದಾಗ ನಾಯಕನಾಗಿದ್ದ ಅವರನ್ನೇ ಹೊರಗೆ ಕರೆಯಲಾಯಿತು. ಅವರು ಓಡದೆ ನಿಧಾನವಾಗಿ ನಡೆದರು, ಜನ ಬೂ ಎಂದಾಗ ಕಿವಿಗೆ ಕೈ ಒಡ್ಡಿ ಇನ್ನೂ ಕೂಗಿ ಎಂಬಂತೆ ಸನ್ನೆ ಮಾಡಿದರು, ಜೆರ್ಸಿ ಬಿಚ್ಚಿ ಆಟಗಾರರ ಸುರಂಗದಾರಿಯೊಳಗೆ ಹೊರಟುಹೋದರು. ನಾಯಕತ್ವ ಹೋಯಿತು. ಆದರೆ ಅದೇ ಆಟಗಾರ 2023ರಲ್ಲಿ ಕ್ಲಬ್ ಬಿಟ್ಟಾಗ ಅದೇ ಜನ ಅವರನ್ನು ಪ್ರೀತಿಯಿಂದ ಬೀಳ್ಕೊಟ್ಟರು. ಕಡ್ಡಿ ಮುರಿದಂತೆ ಹೇಳಿದ ಮಾತನ್ನು ತಾಳಿಕೊಂಡವರು ಗಟ್ಟಿಯಾಗುತ್ತಾರೆ.

ಹಳೆಯ ಸೆಂಟರ್ ಬ್ಯಾಕ್

ಜಾಕಾ ಉಳಿದದ್ದು ಬೂ ಎನ್ನಿಸಿಕೊಂಡದ್ದರಿಂದಲ್ಲ. ಆ ಡಿಸೆಂಬರ್‌ನಲ್ಲಿ ಕೋಚ್ ಆಗಿ ಬಂದ ಮಿಕೆಲ್ ಆರ್ಟೆಟಾ, ಕ್ಲಬ್ ಬಿಟ್ಟು ಹೊರಡಲು ಸಿದ್ಧರಾಗಿದ್ದ ಅವರನ್ನು ಕೂರಿಸಿ ಮಾತನಾಡಿ ಮನವೊಲಿಸಿದರು. ಜ್ವರ ಇಳಿದದ್ದು ಮದ್ದಿನಿಂದ, ಕೀರ್ತಿ ಮಾತ್ರ ಜ್ವರಕ್ಕೆ ಎಂದ ಹಾಗಾಯಿತು ನಿಮ್ಮ ವಾದ. ಅಲ್ಲದೆ ನೀವು ಹೆಸರಿಸಿದವರೆಲ್ಲ ಶಿಖರ ಮುಟ್ಟಿದ ಆಟಗಾರರು. ರೊನಾಲ್ಡೊ ತಡೆದುಕೊಂಡರು ಎಂಬ ಕಾರಣಕ್ಕೆ ಹತ್ತೊಂಬತ್ತು ವರ್ಷದ ಹುಡುಗನೊಬ್ಬ ತಡೆದುಕೊಳ್ಳಬೇಕೆಂದು ಹೇಳಲಾಗದು.

ಹನ್ನೆರಡನೆಯವಳು

ಇಬ್ಬರೂ ಆಟಗಾರನ ಮನಸ್ಸಿನ ಸುತ್ತಲೇ ಚರ್ಚಿಸುತ್ತಿದ್ದೀರಿ. ಕೂಗು ಯಾರಿಗೆ ಸಲ್ಲಬೇಕು ಎಂಬ ಪ್ರಶ್ನೆ ನನಗೆ ಇನ್ನೂ ಮುಖ್ಯವೆನಿಸುತ್ತದೆ. ಎಡಬದಿಗೆ ಒಬ್ಬನೇ ಡಿಫೆಂಡರ್ ಇದ್ದಾನೆ, ಅವನಿಗೆ ಸಮರ್ಥ ಬದಲಿಯಿಲ್ಲ, ದಣಿದಿದ್ದರೂ ಪ್ರತಿ ಪಂದ್ಯವನ್ನೂ ಅವನೇ ಆಡಬೇಕು ಎಂದರೆ, ಆ ಲೋಪ ಆಟಗಾರರನ್ನು ಕೊಳ್ಳುವವರದು, ತಂಡ ಕಟ್ಟುವವರದು. ಆದರೆ ಅವರು ಗಾಜಿನ ಕೋಣೆಯಲ್ಲಿ ಕುಳಿತಿರುತ್ತಾರೆ. ಕೈಗೆ ಸಿಗುವವನು ಟಚ್‌ಲೈನ್ ಬಳಿ ನಿಂತವನು.

ಅಭಿಮಾನಿಗಳು ಗುರಿ ಸರಿಯಾಗಿ ಆರಿಸಿಕೊಂಡಾಗ ಏನಾಯಿತು ನೋಡಿ. ಲಿವರ್‌ಪೂಲ್ ಕ್ಲಬ್ ಅತಿ ದುಬಾರಿ ಟಿಕೆಟ್‌ನ ಬೆಲೆಯನ್ನು 77 ಪೌಂಡ್‌ಗೆ ಏರಿಸಲು ಹೊರಟಾಗ, 2016ರ ಫೆಬ್ರುವರಿಯಲ್ಲಿ ಸಂಡರ್‌ಲ್ಯಾಂಡ್ ವಿರುದ್ಧದ ಪಂದ್ಯದ 77ನೇ ನಿಮಿಷಕ್ಕೆ ಸಾವಿರಾರು ಜನ ಎದ್ದು ಹೊರನಡೆದರು. ಆಗ ತಂಡ 2-0 ಮುಂದಿತ್ತು. ಖಾಲಿಯಾದ ಸ್ಟ್ಯಾಂಡುಗಳೆದುರು ಎರಡು ಗೋಲು ಬಿಟ್ಟುಕೊಟ್ಟು ಪಂದ್ಯ ಡ್ರಾ ಆಯಿತು. ಅಂದರೆ ಇದಕ್ಕೂ ಬೆಲೆ ತೆರಬೇಕಾಯಿತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಕೆಲವೇ ದಿನಗಳಲ್ಲಿ ಮಾಲೀಕರು ಕ್ಷಮೆ ಕೇಳಿ ಏರಿಕೆಯನ್ನು ಕೈಬಿಟ್ಟರು. ಜರ್ಮನಿಯಲ್ಲಿ 2012ರ ಕೊನೆಗೆ, ಲೀಗ್ ತರಹೊರಟಿದ್ದ ಭದ್ರತಾ ನಿಯಮಗಳನ್ನು ವಿರೋಧಿಸಿ ಅಭಿಮಾನಿಗಳು ಪಂದ್ಯದ ಮೊದಲ 12 ನಿಮಿಷ 12 ಸೆಕೆಂಡು ತುಟಿ ಬಿಚ್ಚದೆ ಕುಳಿತರು. ಸದಾ ಮೊಳಗುವ ಮೈದಾನದಲ್ಲಿ ಕಾಲಿಗೆ ಚೆಂಡು ತಗಲುವ ಸದ್ದು ಕೇಳಿಸುವುದಕ್ಕಿಂತ ದೊಡ್ಡ ಬೈಗುಳವನ್ನು ನಾನು ಊಹಿಸಲಾರೆ. ಸ್ಪೇನ್‌ನಲ್ಲಿ ಆಡಳಿತದ ಮೇಲೆ ಸಿಟ್ಟು ಬಂದಾಗ ಬಿಳಿ ಕರವಸ್ತ್ರ ಬೀಸುವ ರೂಢಿಯಿದೆ. ಗೂಳಿ ಕಾಳಗದ ಕಣದಿಂದ ಬಂದ ಸಂಪ್ರದಾಯ ಅದು.

ವಿವೇಚನೆಯ ಮಾತಿಗೆ ಒಂದು ಉತ್ತರ. 2022ರ ಮಾರ್ಚ್‌ನಲ್ಲಿ ವೆಂಬ್ಲಿಯಲ್ಲಿ ಇಂಗ್ಲೆಂಡ್ ಮತ್ತು ಐವರಿ ಕೋಸ್ಟ್ ನಡುವಿನ ಪಂದ್ಯಕ್ಕೆ ಮುನ್ನ ಇಂಗ್ಲೆಂಡಿನದೇ ಆಟಗಾರ ಹ್ಯಾರಿ ಮಗ್ವೈರ್ ಹೆಸರನ್ನು ಧ್ವನಿವರ್ಧಕದಲ್ಲಿ ಓದಿದಾಗಲೇ ತವರಿನ ಜನ ಬೂ ಎಂದರು. ಚೆಂಡು ಇನ್ನೂ ಉರುಳಿರಲಿಲ್ಲ. ಆಟವನ್ನೇ ನೋಡದೆ ಕೊಟ್ಟ ಆ ತೀರ್ಪಿನಲ್ಲಿ ಎಂಥ ವಿವೇಚನೆಯಿದೆ ಎಂದು ಸೀಸನ್ ಟಿಕೆಟ್ ಅವರು ತಿಳಿಸಬೇಕು.

ಸೀಸನ್ ಟಿಕೆಟ್

ಮಗ್ವೈರ್ ವಿಷಯದಲ್ಲಿ ಒಪ್ಪಿದೆ, ಅದು ತಪ್ಪು. ಪಂದ್ಯ ಮುಗಿಯಿತೆಂದು ರೆಫರಿ ಶಿಳ್ಳೆ ಊದಿದ ನಂತರ ಇಡೀ ತಂಡಕ್ಕೆ ಬೂ ಎನ್ನುವುದಕ್ಕೂ ನಡುವೆ ಒಬ್ಬನನ್ನೇ ಹಿಡಿದು ಕಾಡುವುದಕ್ಕೂ ಅಂತರವಿದೆ ಎಂಬುದನ್ನೂ ಒಪ್ಪುತ್ತೇನೆ. ಆದರೆ ಓಡಬೇಕಾದಲ್ಲಿ ಓಡದವನನ್ನು, ಚೆಂಡು ಕಳೆದುಕೊಂಡು ಸೊಂಟದ ಮೇಲೆ ಕೈಯಿಟ್ಟು ನಿಲ್ಲುವವನನ್ನು ನಾನು ಮುಂದೆಯೂ ಬಿಡುವುದಿಲ್ಲ. ಪಾಸ್ ತಪ್ಪುವುದು ಬೇರೆ, ಮೈಗಳ್ಳತನ ಬೇರೆ.

ಟಚ್‌ಲೈನ್ ಪಕ್ಕದವನು

ಎಲ್ಲರಿಗೂ ಧನ್ಯವಾದಗಳು. ನಮ್ಮ ಹುಡುಗ ಮೈಗಳ್ಳನಲ್ಲ ಎಂಬುದಂತೂ ನನಗೆ ಖಚಿತ. ಆ ಗೋಲಿನ ನಂತರವೂ ಎರಡು ಬಾರಿ ಅರ್ಧ ಮೈದಾನ ಹಿಂದಕ್ಕೆ ಓಡಿ ಬಂದು ಚೆಂಡನ್ನು ಕಾರ್ನರ್‌ಗೆ ಅಟ್ಟಿದ್ದ. ಆಗ ಬೂ ನಿಂತಿತ್ತೇ ಹೊರತು ಚಪ್ಪಾಳೆ ಬರಲಿಲ್ಲ. ಸೆಂಟರ್ ಬ್ಯಾಕ್ ಅವರಲ್ಲಿ ಒಂದೇ ಪ್ರಶ್ನೆ: ಮುಂದಿನ ಪಂದ್ಯಕ್ಕೂ ನನ್ನದು ಅದೇ ಸಾಲು. ಅವನು ಮತ್ತೆ ಅಷ್ಟು ಹತ್ತಿರ ಬಂದು ನಿಂತರೆ ಏನು ಹೇಳಬೇಕು?

ಹಳೆಯ ಸೆಂಟರ್ ಬ್ಯಾಕ್

ಸಮಾಧಾನದ ಮಾತು ಬೇಡ, ಅದು ಇನ್ನೂ ಮುಜುಗರ. ಅವನ ಕಾಲಿಗೆ ಚೆಂಡು ಬಂದಾಗ ಬೆನ್ನ ಹಿಂದೆ ಎದುರಾಳಿ ಇದ್ದರೆ ‘ಹಿಂದಿದ್ದಾನೆ’ ಎಂದು ಕೂಗಿ, ಇಲ್ಲದಿದ್ದರೆ ‘ಟೈಮ್ ಇದೆ’ ಎನ್ನಿ. ಐದಾರು ಹೆಜ್ಜೆ ದೂರದಿಂದ ಅದು ಚೆನ್ನಾಗಿ ಕೇಳಿಸುತ್ತದೆ.