‘ಈಸ್‌ಮೆಂಟ್’ಗೆ ಕನ್ನಡದಲ್ಲಿ ಏನನ್ನೋಣ? ಸಂಜೆಯೊಳಗೆ ಬೇಕು

ಎಲ್ಲರಿಗೂ ನಮಸ್ಕಾರ. ಮನೆ, ಸೈಟು ಕೊಳ್ಳುವವರಿಗಾಗಿ ಒಂದು ಕರಪತ್ರ ಅನುವಾದಿಸುತ್ತಿದ್ದೇನೆ. ‘ಈ ಸ್ವತ್ತಿನ ಮೇಲೆ ಈಸ್‌ಮೆಂಟ್ ಇದೆಯೇ, ತಿಳಿಯುವುದು ಹೇಗೆ?’ ಅನ್ನುವ ಸಾಲಿನಲ್ಲಿ ಸಿಕ್ಕಿಕೊಂಡಿದ್ದೇನೆ. ಪಕ್ಕದವರು ನಮ್ಮ ಜಾಗದಲ್ಲಿ ಓಡಾಡುವುದು, ಅವರ ಸೂರಿನ ನೀರು ನಮ್ಮ ಕಡೆ ಬೀಳುವುದು, ಅವರ ಕಿಟಕಿಗೆ ಬೆಳಕು ಬಿಡುವುದು, ಎಲ್ಲಕ್ಕೂ ಒಂದೇ ಪದ ಬೇಕು. ಪ್ರೆಸ್‌ನವರು ಆರು ಗಂಟೆವರೆಗೆ ಮಾತ್ರ ಕಾಯುತ್ತಾರೆ.

ಮೈಸೂರಿನಿಂದ: ‘ಅನುಭೋಗದ ಹಕ್ಕು’. ಇದಕ್ಕೂ ಚರ್ಚೆ ಬೇಕಾ?

ಕೇಳಿದವರು: ಸಾರ್, ಅದನ್ನೇ ಬರೆದು ನಮ್ಮ ಮನೆ ಓನರ್‌ಗೆ ತೋರಿಸಿದೆ. ‘ಎಷ್ಟು ಲಕ್ಷಕ್ಕೆ ಭೋಗ್ಯ?’ ಅಂದರು.

ಶಿವಮೊಗ್ಗದಿಂದ: ‘ಭೋಗ’ ಮಾತ್ರ ಬಿಡಬೇಡಿ. ಶಾಸನಗಳ ಅಷ್ಟಭೋಗ ತೇಜಸ್ವಾಮ್ಯ ನೆನಪಿದೆಯಲ್ವಾ? ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಇವತ್ತಿಗೂ ಎಷ್ಟೋ ಕ್ರಯಪತ್ರಗಳಲ್ಲಿ ಈ ಸಾಲು ಇರುತ್ತದೆ. ಇಂಥ ಪದ ಕೈಯಲ್ಲಿರುವಾಗ ಹೊಸದು ಯಾಕೆ ಹುಡುಕಬೇಕು?

ಮೈಸೂರಿನಿಂದ: ಅಸಂಬದ್ಧ. ಅಷ್ಟಭೋಗ ನಮ್ಮ ಜಾಗದಲ್ಲಿ ನಮಗೇ ಇರುವುದು. ಇವರು ಕೇಳಿದ್ದು ನಮ್ಮ ಜಾಗದಲ್ಲಿ ಪಕ್ಕದವರಿಗೆ ಇರುವುದನ್ನು.

ಬೆಂಗಳೂರಿನಿಂದ: ಇಬ್ಬರೂ ಸಂಸ್ಕೃತ ಬಿಟ್ಟು ಕೆಳಗಿಳಿಯಿರಿ. ‘ಬಳಕೆಹಕ್ಕು’. ಅಚ್ಚಗನ್ನಡ.

ಧಾರವಾಡದಿಂದ: ‘ಹಕ್ಕು’ ಅರಬ್ಬಿ ರೀ! ಅಚ್ಚಗನ್ನಡವಂತೆ. ನಮ್ಮ ಕಡೆ ಜಾಗದ ಸ್ವಾಧೀನ, ಬಳಕೆಗೆ ಕಬ್ಜಾ-ವಹಿವಾಟು ಅನ್ನುವ ಮಾತು ಇದೆ. ಮರಾಠಿಯಲ್ಲಿ ಈಸ್‌ಮೆಂಟಿಗೆ ‘ವಹಿವಾಟೀಚಾ ಹಕ್ಕ’ ಅಂತಲೇ ಅನ್ನುತ್ತಾರೆ. ‘ವಹಿವಾಟಿನ ಹಕ್ಕು’ ಅನ್ನಿ.

ಬೆಂಗಳೂರಿನಿಂದ: ನಮ್ಮ ಕಡೆ ವಹಿವಾಟು ಅಂದರೆ ಅಂಗಡಿ ವ್ಯಾಪಾರ. ಹಿಂದಿಯ ಕಾಯ್ದೆಯಲ್ಲಿ ‘ಸುಖಾಚಾರ’ ಅಂತಿದೆ, ಅದನ್ನೂ ತಂದುಬಿಡಿ. ಸಾಲ ಮಾಡಿಯೇ ಬದುಕೋಣ.

ಹಾಸನದಿಂದ: ಪದ ಏನೇ ಇರಲಿ, ‘ತಿಳಿಯುವುದು ಹೇಗೆ’ ಅನ್ನುವುದನ್ನು ಸರಿಯಾಗಿ ಬರೆಯಿರಿ. ಜನ ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ಇ.ಸಿ. (ಋಣಭಾರ ಪತ್ರ) ತೆಗೆಸಿ ‘ಏನೂ ಇಲ್ಲ’ ಅಂತ ನೆಮ್ಮದಿಯಾಗಿ ಮಲಗುತ್ತಾರೆ. ಅದರಲ್ಲಿ ಬರುವುದು ನೋಂದಣಿಯಾದ ಪತ್ರಗಳು ಮಾತ್ರ. 1882ರ ಈಸ್‌ಮೆಂಟ್ ಕಾಯ್ದೆಯ 15ನೇ ಕಲಂ ಪ್ರಕಾರ 20 ವರ್ಷ ತಡೆಯಿಲ್ಲದೆ, ರಾಜಾರೋಷವಾಗಿ, ತನ್ನ ಹಕ್ಕು ಅಂತಲೇ ನಡೆದ ದಾರಿಗೆ ಪತ್ರವೇ ಬೇಕಿಲ್ಲ. ಆದರೆ ನಿಮ್ಮ ಒಪ್ಪಿಗೆ ಕೇಳಿ ನಡೆಯುತ್ತಿದ್ದರೆ ಅದು ಬರೀ ಅನುಮತಿ. ಹಾಗಾಗಿ ಹಳೆಯ ಕ್ರಯಪತ್ರಗಳ ಚೆಕ್ಕುಬಂದಿ, ಅಂದರೆ ನಾಲ್ಕೂ ದಿಕ್ಕಿನ ಗಡಿ ವಿವರ, ಓದಬೇಕು. ಹಳ್ಳಿಯ ಜಾಗವಾದರೆ ಗ್ರಾಮನಕ್ಷೆಯಲ್ಲಿ ಕಾಲುದಾರಿ, ಬಂಡಿದಾರಿ ನೋಡಬೇಕು. ಆಮೇಲೆ ಬೆಳಿಗ್ಗೆ ಹೊತ್ತು ಹೋಗಿ ಸುಮ್ನೆ ಅಲ್ಲಿ ನಿಲ್ಲಬೇಕು. ಹಿಂದಿನ ಮನೆಯವರು ಹಾಲಿಗೆ ಎಲ್ಲಿಂದ ಹೊರಬರುತ್ತಾರೆ, ನೋಡಿ.

ಮೈಸೂರಿನಿಂದ: ಇದು ಪದಚರ್ಚೆ. ವಕೀಲಿಕೆ ಬೇರೆ ಕಡೆ ಇಟ್ಟುಕೊಳ್ಳಿ.

ಕೇಳಿದವರು: ಪ್ರೆಸ್‌ಗೆ ಕಳಿಸಿಬಿಟ್ಟೆ. ‘ಈ ಜಾಗದಲ್ಲಿ ಅಕ್ಕಪಕ್ಕದವರಿಗೆ ದಾರಿಯ, ಗಾಳಿ-ಬೆಳಕಿನ ಹಕ್ಕು ಇದೆಯಾ?’ ಕೆಳಗೆ ಚಿಕ್ಕದಾಗಿ ‘ಅನುಭೋಗದ ಹಕ್ಕು’ ಅಂತಲೂ ಹಾಕಿದ್ದೇನೆ. ಹಾಸನದವರಿಗೆ ಥ್ಯಾಂಕ್ಸ್.

ಧಾರವಾಡದಿಂದ: ಸೂರಿನ ನೀರು ಎಲ್ಲಿ ಹೋಯಿತ್ರೀ?