ಕಮ್ಮಟ ಅಂದರೆ ಈಗ ಯಾರಿಗಾದರೂ ನಾಣ್ಯ ನೆನಪಾಗುತ್ತಾ?

ಎಲ್ಲರಿಗೂ ನಮಸ್ಕಾರ.

ಹಳೇ ರೋಮಿನ ಬೆಳ್ಳಿ ನಾಣ್ಯವೊಂದರ ಚಿತ್ರಕ್ಕೆ ಕನ್ನಡದಲ್ಲಿ ನಾಲ್ಕು ಸಾಲು ಬರೆಯಲು ಕೂತವನು, ಎರಡು ದಿನದಿಂದ ಮೂರು ಪದಗಳಲ್ಲೇ ಸಿಕ್ಕಿಕೊಂಡಿದ್ದೇನೆ.

ಇದು ಕ್ರಿ.ಪೂ. 46ರ ದಿನಾರಿಯಸ್ ಎಂಬ ನಾಣ್ಯ. ತೂಕ ಸುಮಾರು 4 ಗ್ರಾಂ. ಆಗ ನಾಣ್ಯದ ಉಸ್ತುವಾರಿ ನೋಡುತ್ತಿದ್ದ ಟೈಟಸ್ ಕರೀಸಿಯಸ್ ಹಾಕಿಸಿದ್ದು. ಒಂದು ಮುಖದಲ್ಲಿ ಜೂನೋ ದೇವತೆಯ ತಲೆ, ಅದರ ಹಿಂದೆ 'ಮೊನೇಟಾ' ಎಂಬ ಬರಹ. ಮಜಾ ಇರುವುದು ಇನ್ನೊಂದು ಮುಖದಲ್ಲಿ. ಸಾಮಾನ್ಯವಾಗಿ ದೇವರೋ ರಥವೋ ಕುದುರೆಯೋ ಇರುವ ಜಾಗದಲ್ಲಿ ಇಕ್ಕಳ, ಸುತ್ತಿಗೆ, ನಡುವೆ ಅಡಿಗಲ್ಲು (ಕಮ್ಮಾರರು ಲೋಹ ಇಟ್ಟು ಬಡಿಯುವ ದಿಮ್ಮಿ), ಅದರ ಮೇಲೆ ಅಚ್ಚು! (ಅದು ಅಚ್ಚಲ್ಲ, ಕಮ್ಮಾರರ ದೇವರಾದ ವಲ್ಕನ್‌ನ ಟೊಪ್ಪಿ ಅನ್ನುವವರೂ ಇದ್ದಾರೆ.) ಸುತ್ತಲೂ ಎಲೆಯ ಹಾರ. ನಾಣ್ಯ ಮಾಡುವ ಸಾಮಾನನ್ನೇ ನಾಣ್ಯಕ್ಕೆ ಹಾಕಿದ್ದಾರೆ.

ಮೊನೇಟಾ ಜೂನೋಳ ಬಿರುದು. ರೋಮಿನ ಕ್ಯಾಪಿಟೋಲಿನ್ ಗುಡ್ಡದ ಮೇಲೆ ಅವಳ ಗುಡಿ, ಪಕ್ಕದಲ್ಲೇ ನಾಣ್ಯದ ಕಾರ್ಖಾನೆ. ಹೀಗೆ ದೇವಿಯ ಹೆಸರು ಕಾರ್ಖಾನೆಗೆ ಅಂಟಿಕೊಂಡಿತು, ಆಮೇಲೆ ದುಡ್ಡಿಗೂ. ಇಂಗ್ಲಿಷಿನ ಮಿಂಟ್, ಮನಿ ಎರಡೂ ಅಲ್ಲಿಂದಲೇ ಬಂದವು.

ಆ ಕಾರ್ಖಾನೆಗೆ ಕನ್ನಡದ್ದೇ ಪದ ಇದೆಯಲ್ಲ, ಕಮ್ಮಟ. ಅಲ್ಲಿ ಕೆಲಸ ಮಾಡುವವನು ಕಮ್ಮಟಿಗ. ಟಂಕಸಾಲೆಗಿಂತ ನನಗೆ ಇದೇ ಇಷ್ಟ. ಆದರೆ ಈಗ ಕಮ್ಮಟ ಅಂದರೆ ಕಾವ್ಯ ಕಮ್ಮಟ, ಕಥಾ ಕಮ್ಮಟ. ಬರೆದದ್ದನ್ನು ಗೆಳೆಯನಿಗೆ ತೋರಿಸಿದೆ. "ರೋಮಿನಲ್ಲೂ ಕಥೆ ಬರೆಯೋದು ಹೇಳಿಕೊಡ್ತಿದ್ರಾ?" ಅಂದ. ಸುಮ್ನೆ ಟಂಕಸಾಲೆ ಅಂತಲೇ ಬರೆದುಬಿಡಲಾ?

ಎರಡನೆಯದು ಅಡಿಗಲ್ಲು. ನಿಘಂಟಿನಲ್ಲಿ ಅಡೆಗಲ್ಲು, ಅಡಗಲ್ಲು ಎಂದೂ ಇದೆ. ಅಡಿಗಲ್ಲು ಅಂದರೆ ಜಾಸ್ತಿ ಜನಕ್ಕೆ ಮನೆ ಕಟ್ಟುವಾಗ ಇಡುವ ಕಲ್ಲೇ ಕಣ್ಣಿಗೆ ಬರುತ್ತೆ, ಅಲ್ವಾ? ಹಾಗಾಗಿ ಅಡೆಗಲ್ಲು ವಾಸಿ ಅನಿಸುತ್ತಿದೆ. ನಿಮ್ಮ ಕಡೆ ಅಕ್ಕಸಾಲಿಗರು, ಕಮ್ಮಾರರು ಬಾಯಲ್ಲಿ ಏನಂತಾರೆ?

ಇನ್ನು ಕ್ರಿಯಾಪದ. 'ಎರಕ ಹೊಯ್ದ ನಾಣ್ಯ' ಅಂತ ಬರೆದರೆ ಇಲ್ಲಿ ತಪ್ಪಾಗುತ್ತೆ. ಕೆಳಗಿನ ಅಚ್ಚನ್ನು ಅಡೆಗಲ್ಲಿನಲ್ಲಿ ಕೂರಿಸಿ, ಮೇಲೆ ಬೆಳ್ಳಿ ಬಿಲ್ಲೆ ಇಟ್ಟು, ಅದರ ಮೇಲೆ ಇನ್ನೊಂದು ಅಚ್ಚು ಹಿಡಿದು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಒಂದೇ ಏಟಿಗೆ ಎರಡೂ ಮುಖ ಮೂಡುತ್ತಿತ್ತು. ಏಟು ಓರೆಯಾದರೆ ಚಿತ್ರವೂ ಓರೆ. 'ಅಚ್ಚೊತ್ತು' ಸರಿಯೇ, ಆದರೆ ರಬ್ಬರ್ ಸ್ಟಾಂಪ್ ಒತ್ತಿದ ಹಾಗೆ ಮೆತ್ತಗೆ ಕೇಳಿಸುತ್ತೆ. 'ಅಚ್ಚು ಹೊಡೆ' ಅಂದರೆ ಸುತ್ತಿಗೆಯ ಸದ್ದೂ ಬರುತ್ತೆ. ಈ ಅರ್ಥದಲ್ಲಿ ಹಾಗೆ ಬಳಸಿದ್ದನ್ನು ಯಾರಾದರೂ ಕೇಳಿದ್ದೀರಾ?